ಬಾಹ್ಯ ಮೂಲವ್ಯಾಧಿ

ಗುದದ್ವಾರದ ಅಂಚಿನಲ್ಲಿ, ಚರ್ಮದಡಿಯ ರಕ್ತನಾಳಗಳು ಊದಿಕೊಂಡು ಗಂಟಾಗುವ ತೊಂದರೆ. ಆಡುಮಾತಿನಲ್ಲಿ ಪೈಲ್ಸ್, ಆಯುರ್ವೇದದಲ್ಲಿ ಮೂಲವ್ಯಾಧಿಗೆ ಅರ್ಶಸ್ಸು ಎಂಬ ಹೆಸರಿದೆ. ಒಳಮೂಲವ್ಯಾಧಿಯಲ್ಲಿ ಸಾಮಾನ್ಯವಾಗಿ ನೋವಿಲ್ಲದೆ ರಕ್ತ ಹೋಗುತ್ತದೆ. ಆದರೆ ಹೊರಭಾಗದ ಚರ್ಮದಲ್ಲಿ ನೋವಿನ ನರಗಳು ದಟ್ಟವಾಗಿರುವುದರಿಂದ ಬಾಹ್ಯ ಮೂಲವ್ಯಾಧಿಯಲ್ಲಿ ಕೂರುವುದೇ ಕಷ್ಟ. ಗಂಟಿನೊಳಗೆ ರಕ್ತ ಹೆಪ್ಪುಗಟ್ಟಿದರೆ ಅದು ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಗಟ್ಟಿಯಾಗಿರುತ್ತದೆ. ಮೊದಲ 2–3 ದಿನ ನೋವು ತೀವ್ರ. ಸುಮಾರು 72 ಗಂಟೆಯೊಳಗೆ ಬಂದವರಿಗೆ ವೈದ್ಯರು ಸ್ಥಳೀಯ ಅರಿವಳಿಕೆ ಕೊಟ್ಟು ಗಂಟನ್ನು ಕತ್ತರಿಸಿ ತೆಗೆಯಬಹುದು. ತಡವಾಗಿದ್ದು ನೋವು ಇಳಿಯುತ್ತಿದ್ದರೆ ಕಾಯುವುದೇ ಮೇಲು: ಗಂಟು ಕೆಲವು ವಾರಗಳಲ್ಲಿ ಕರಗುತ್ತದೆ, ಒಮ್ಮೊಮ್ಮೆ ಸಡಿಲ ಚರ್ಮದ ಮಡಿಕೆಯೊಂದು ಉಳಿಯುತ್ತದೆ.

ಅಗಲವಾದ ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು ತುಂಬಿ, ದಿನಕ್ಕೆ 2–3 ಸಲ 10–15 ನಿಮಿಷ ಕೂತರೆ ಬಿಗಿದ ಸ್ನಾಯು ಸಡಿಲಗೊಳ್ಳುತ್ತದೆ. ಬರೀ ನೀರು ಸಾಕು. ಕ್ರಿಮಿನಾಶಕ ಬೆರೆಸಿದರೆ ಉರಿ ಹೆಚ್ಚಬಹುದು. ರಾಗಿ, ಸೊಪ್ಪು, ಕಾಳು, ಇಸಬ್‌ಗೋಲ್, ಜೊತೆಗೆ ಸಾಕಷ್ಟು ನೀರು ಮಲವನ್ನು ಮೆದುವಾಗಿಸುತ್ತವೆ. ತಿಣುಕಬಾರದು, ಫೋನ್ ಹಿಡಿದು ಶೌಚಾಲಯದಲ್ಲಿ ಕೂರುವ ಅಭ್ಯಾಸ ಬಿಡಲೇಬೇಕು. ಸ್ಟೆರಾಯ್ಡ್ ಮುಲಾಮನ್ನು ವೈದ್ಯರು ಹೇಳದೆ ಒಂದು ವಾರಕ್ಕಿಂತ ಹೆಚ್ಚು ಹಚ್ಚಬಾರದು, ಚರ್ಮ ತೆಳುವಾಗುತ್ತದೆ. ನಾಚಿಕೆಯಿಂದ ಮುಚ್ಚಿಡುವವರೇ ಬಹಳ. ಆದರೆ ರಕ್ತ ಕಂಡಾಗ ಪೈಲ್ಸ್ ಎಂದು ತಾವೇ ತೀರ್ಮಾನಿಸದೆ ವೈದ್ಯರಿಗೆ ತೋರಿಸಬೇಕು. ದೊಡ್ಡ ಕರುಳಿನ ಕ್ಯಾನ್ಸರ್ ಕೂಡ ಹೀಗೆಯೇ ಕಾಣಿಸಿಕೊಳ್ಳಬಹುದು.