ದಿನಕ್ಕೆ ಹತ್ತು ರೂಪಾಯಿ: ಜೆ.ಪಿ. ನಗರದ ಒಂದು ಸೋಲಾರ್ ಕತೆ

ಮೆಟ್ರೊ ಹಸಿರು ಮಾರ್ಗದಲ್ಲಿ ಕೂತು ಇದನ್ನ ಕೇಳ್ತಾ ಇದ್ರೆ, ಬನಶಂಕರಿ ಆದ ಮೇಲೆ ಜಯಪ್ರಕಾಶ ನಗರ ಸ್ಟೇಷನ್ ಬರುತ್ತಲ್ಲ, ಇವತ್ತಿನ ಕತೆ ಆ ಬಡಾವಣೆಯದ್ದು. ಒಂದೇ ಜೆ.ಪಿ. ನಗರದಲ್ಲಿ ಎರಡು ಸಂಸ್ಥೆಗಳಿವೆ. 2ನೇ ಹಂತದಲ್ಲಿ ಸೆಲ್ಕೊ, ಹುಟ್ಟಿದ್ದು 1995ರಲ್ಲಿ. 3ನೇ ಹಂತದಲ್ಲಿ, ಬನ್ನೇರುಘಟ್ಟ ರಸ್ತೆಯ ಮೇಲೆ ಇನ್ಫೊಸಿಸ್ ಫೌಂಡೇಶನ್, ಹುಟ್ಟಿದ್ದು 1996ರಲ್ಲಿ. ಇಬ್ಬರ ಮುಂದೆ ಇದ್ದದ್ದು ಒಂದೇ ಪ್ರಶ್ನೆ: ಕೈಯಲ್ಲಿ ಕಾಸಿಲ್ಲದವರಿಗೆ ಏನು ಮಾಡೋದು? ಉತ್ತರ ಮಾತ್ರ ಬೇರೆ ಬೇರೆ.

ಫೌಂಡೇಶನ್ ದಾರಿ ನಿಮಗೆ ಗೊತ್ತಿರೋದೇ. ಕಂಪನಿ ಲಾಭದಲ್ಲಿ ಒಂದು ಪಾಲು ಆಸ್ಪತ್ರೆಗೆ, ಶಾಲೆಗೆ, ಲೈಬ್ರರಿಗೆ. 2021ರಲ್ಲಿ ಜಯದೇವ ಆಸ್ಪತ್ರೆಗೆ 350 ಹಾಸಿಗೆಗಳ ಹೊಸ ಕಟ್ಟಡ ಕಟ್ಟಿಸಿಕೊಟ್ಟಿದ್ದು ಇವರೇ. ನಾನು ಹೆಚ್ಚು ಹೊತ್ತು ನಿಲ್ಲೋದು ಇನ್ನೊಂದು ಮನೆ ಬಾಗಿಲಲ್ಲಿ.

ಹರೀಶ್ ಹಂದೆ. ಉಡುಪಿ ಜಿಲ್ಲೆಯ ಮೂಲ, ಬೆಳೆದದ್ದು ರೂರ್ಕೆಲಾದಲ್ಲಿ, ಓದಿದ್ದು ಖರಗ್‌ಪುರ ಐಐಟಿಯಲ್ಲಿ, ಆಮೇಲೆ ಅಮೆರಿಕದಲ್ಲಿ ಪಿಎಚ್‌.ಡಿ. ಸಂಶೋಧನೆಯ ದಿನಗಳಲ್ಲಿ ಡೊಮಿನಿಕನ್ ರಿಪಬ್ಲಿಕ್‌ಗೆ ಹೋದಾಗ ಅಲ್ಲಿನ ಬಡವರು ತಮ್ಮ ದುಡ್ಡಿನಲ್ಲೇ ಸೋಲಾರ್ ದೀಪ ಹಾಕಿಸಿಕೊಂಡಿದ್ದನ್ನ ಕಂಡರು. ನಮ್ಮಲ್ಲಿ ಆಗಬಾರದಾ? ನೆವಿಲ್ ವಿಲಿಯಮ್ಸ್ ಜೊತೆ ಸೇರಿ ಸೆಲ್ಕೊ ಶುರು ಮಾಡಿದರು. ಟ್ರಸ್ಟ್ ಅಲ್ಲ, ಎನ್‌ಜಿಒ ಅಲ್ಲ, ಕಂಪನಿ. ದೀಪ ಮಾರೋದು, ಮನೆಗೇ ಹೋಗಿ ಅಳವಡಿಸೋದು, ಕೆಟ್ಟರೆ ರಿಪೇರಿ ಮಾಡೋದು.

ದುಡ್ಡೇ ದೊಡ್ಡ ಸಮಸ್ಯೆ. ಸೋಲಾರ್ ಅಂದ್ರೆ ಹತ್ತು ವರ್ಷದ ಕರೆಂಟ್ ಬಿಲ್ಲನ್ನ ಮೊದಲ ದಿನವೇ ಕಟ್ಟಿದ ಹಾಗೆ. ಕೂಲಿಯವರು ಎಲ್ಲಿಂದ ತರಬೇಕು? ಅದಕ್ಕೇ ಹಂದೆ ಬ್ಯಾಂಕುಗಳ ಬಾಗಿಲು ತಟ್ಟಿದರು. ಸಿಂಡಿಕೇಟ್ ಬ್ಯಾಂಕ್, ಗ್ರಾಮೀಣ ಬ್ಯಾಂಕುಗಳು ಸೋಲಾರ್‌ಗೆ ಸಾಲ ಕೊಡೋಕೆ ನಿಧಾನವಾಗಿ ಒಪ್ಪಿದವು. ಅವರು ಮತ್ತೆ ಮತ್ತೆ ಹೇಳೋ ಒಂದು ಪ್ರಸಂಗ ಇದೆ. ಬೀದಿ ವ್ಯಾಪಾರ ಮಾಡೋ ಹೆಂಗಸೊಬ್ಬರಿಗೆ ತಿಂಗಳಿಗೆ 300 ರೂಪಾಯಿ ಅಂದ್ರೆ ಆಗಲ್ಲ ಅಂದರಂತೆ, ದಿನಕ್ಕೆ 10 ರೂಪಾಯಿ ಅಂದ್ರೆ ಸರಿ ಅಂದರಂತೆ. ಲೆಕ್ಕ ಒಂದೇ ಅಲ್ವಾ? ನಮಗೆ ಒಂದೇ, ಯಾಕಂದ್ರೆ ನಮಗೆ ತಿಂಗಳ ಸಂಬಳ. ಅವರಿಗೆ ಸಂಜೆ ಬುಟ್ಟಿ ಖಾಲಿಯಾದಾಗ ಕೈಗೆ ಬರೋದು ಅವತ್ತಿನ ದುಡ್ಡು ಮಾತ್ರ.

ಇಲ್ಲಿ ನನಗೆ ಹಳೆಯದೊಂದು ನೆನಪಾಗುತ್ತೆ. ಇದೇ ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ್ದು, ನೇಕಾರರ ಕಷ್ಟ ನೋಡಿ. 1928ರಲ್ಲಿ ಪಿಗ್ಮಿ ಅಂತ ಒಂದು ಯೋಜನೆ ತಂದರು: ಏಜೆಂಟ್ ದಿನಾ ಮನೆಗೆ, ಅಂಗಡಿಗೆ ಬಂದು ಎರಡಾಣೆ ವಸೂಲಿ ಮಾಡೋದು. ನಿಮ್ಮ ಅಜ್ಜಿಯನ್ನ ಕೇಳಿ, ಪಿಗ್ಮಿ ಪುಸ್ತಕ ಗೊತ್ತಿರುತ್ತೆ. ದಿನದ ದುಡಿಮೆಗೆ ದಿನದ ಕಂತು ಅನ್ನೋ ಬುದ್ಧಿ ಅಮೆರಿಕದ ಬಿಸಿನೆಸ್ ಸ್ಕೂಲಿನದ್ದಲ್ಲ, ನಮ್ಮ ಕರಾವಳಿಯದ್ದು ಅಂತ ನನ್ನ ಅಭಿಪ್ರಾಯ.

ಎಲ್ಲವೂ ಸಲೀಸಾಗಿ ನಡೀತಾ? ಇಲ್ಲ. 2005ರ ಹೊತ್ತಿಗೆ ಜರ್ಮನಿ ಸೋಲಾರ್ ವಿದ್ಯುತ್ತಿಗೆ ಒಳ್ಳೆ ದರ ಕೊಡ್ತಿತ್ತು, ಪ್ರಪಂಚದ ಪ್ಯಾನೆಲ್‌ಗಳೆಲ್ಲ ಆ ಕಡೆ ಹರಿದವು, ಬೆಲೆ ಏರಿತು. ಅಲ್ಲಿನವರ ಮನೆ ಮಾಡು ಹೊಳೆಯೋಕೆ ಶುರುವಾದರೆ ಇಲ್ಲಿ ಹಳ್ಳಿಯ ಎರಡು ಬಲ್ಬಿಗೆ ಕುತ್ತು! ಫ್ರಾಂಚೈಸಿ ಕೊಟ್ಟು ವೇಗವಾಗಿ ಬೆಳೆಯೋ ಪ್ರಯೋಗವೂ ಕೈಕೊಟ್ಟಿತು. ಸೆಲ್ಕೊ ನಷ್ಟಕ್ಕೆ ಬಿತ್ತು. ಬೇಗ ಲಾಭ ಕೇಳದ ಹೂಡಿಕೆದಾರರು ಸಿಕ್ಕಿದ ಮೇಲೆ ಚೇತರಿಸಿಕೊಂಡಿತು. 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಸೆಲ್ಕೊ ದೀಪಗಳು ಲಕ್ಷಕ್ಕೂ ಹೆಚ್ಚು ಮನೆಗಳನ್ನ ತಲುಪಿದ್ದವು.

ಹಾಗಾದ್ರೆ ದಾನ ದಂಡ, ಸಾಲವೇ ಸರಿ ಅನ್ನಬಹುದಾ? ನಾನೂ ಸ್ವಲ್ಪ ಕಾಲ ಹಾಗೇ ಅಂದ್ಕೊಂಡಿದ್ದೆ. ಆದ್ರೆ 2010ರಲ್ಲಿ ಅದೇ ಬಳಗ ಸೆಲ್ಕೊ ಫೌಂಡೇಶನ್ ಕಟ್ಟಿತು, ಈ ಸಲ ದೇಣಿಗೆ ತಗೊಂಡೇ ಕೆಲಸ ಮಾಡೋಕೆ. 2014ರ ಏಪ್ರಿಲ್‌ನಿಂದ ಸಿಎಸ್‌ಆರ್ ಕಾನೂನೂ ಬಂತು. ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2ರಷ್ಟು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಈಗ ಸೆಲ್ಕೊ ಫೌಂಡೇಶನ್, ಐಕಿಯಾ ಫೌಂಡೇಶನ್ ನೆರವಿನಲ್ಲಿ, ದೇಶದ 25,000 ಆರೋಗ್ಯ ಕೇಂದ್ರಗಳಿಗೆ ಸೋಲಾರ್ ಹಾಕೋ ಗುರಿ ಇಟ್ಟುಕೊಂಡಿದೆ. ಲಸಿಕೆಯ ಫ್ರಿಜ್, ನವಜಾತ ಶಿಶುವನ್ನ ಬೆಚ್ಚಗಿಡೋ ವಾರ್ಮರ್, ಹೆರಿಗೆ ಕೋಣೆಯ ದೀಪ.

ತರಕಾರಿ ಬುಟ್ಟಿಯ ಮುಂದಿನ ದೀಪ ತನ್ನ ಕಂತು ತಾನೇ ದುಡಿಯುತ್ತೆ. ಹೆರಿಗೆ ಕೋಣೆಯ ದೀಪದ ಕಂತು ಯಾರ ಹೆಸರಿಗೆ ಬರೆಯೋದು, ಆಗಷ್ಟೇ ಹುಟ್ಟಿದ ಮಗುವಿನದ್ದಕ್ಕಾ?