ವಕ್ರದಂತ ಚಿಕಿತ್ಸೆ, ಉಸಿರಾಟ ಮತ್ತು ನಿದ್ರೆ

ಸೊಟ್ಟ ಹಲ್ಲು, ಉಬ್ಬು ಹಲ್ಲು, ಇಕ್ಕಟ್ಟಾದ ಅಥವಾ ಹಿಂದೆ ಸರಿದ ದವಡೆಗಳನ್ನು ತಂತಿ, ಸ್ಕ್ರೂ, ತಟ್ಟೆಗಳಿಂದ ಸರಿಪಡಿಸುವ ದಂತವೈದ್ಯಕೀಯ ಶಾಖೆಯೇ ವಕ್ರದಂತ ಚಿಕಿತ್ಸೆ. ಆಡುಮಾತಿನಲ್ಲಿ ಇದು ‘ಹಲ್ಲಿಗೆ ಕ್ಲಿಪ್ ಹಾಕಿಸುವುದು’. ಅಂದಕ್ಕಾಗಿ ಮತ್ತು ಅಗಿಯುವ ಅನುಕೂಲಕ್ಕಾಗಿ ಬೆಳೆದ ಈ ವಿದ್ಯೆಗೆ ಉಸಿರಾಟದೊಂದಿಗೂ ಒಂದೂವರೆ ಶತಮಾನದ ನಂಟಿದೆ. ಆ ನಂಟಿನ ಇತಿಹಾಸವನ್ನೂ, ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಮಟ್ಟಿಗೆ ಅದರ ಅರ್ಥವನ್ನೂ ಇಲ್ಲಿ ವಿವರಿಸಿದೆ.

ದೇಹರಚನೆ: ಬಾಯಿಯ ಚಾವಣಿಯೇ ಮೂಗಿನ ನೆಲ. ಅಂಗುಳ ಕಿರಿದಾಗಿ ಕಮಾನಿನಂತೆ ಮೇಲೆದ್ದರೆ ಮೂಗಿನ ಒಳದಾರಿ ಇಕ್ಕಟ್ಟಾಗುತ್ತದೆ, ನಾಲಿಗೆಗೂ ಜಾಗ ಸಾಲದಾಗುತ್ತದೆ. ಗದ್ದ ಹಿಂದೆ ಸರಿದವರು ಅಂಗಾತ ಮಲಗಿದಾಗ ನಾಲಿಗೆ ಗಂಟಲಿನತ್ತ ಜಾರುತ್ತದೆ. ದಾರಿ ಅರ್ಧ ಮುಚ್ಚಿದರೆ ಗೊರಕೆ. ಪೂರ್ತಿ ಮುಚ್ಚಿದರೆ ಉಸಿರೇ ನಿಲ್ಲುತ್ತದೆ, ಮಿದುಳು ಬೆಚ್ಚಿ ಎಬ್ಬಿಸುತ್ತದೆ. ಇದೇ ನಿದ್ರಾ ಉಸಿರುಕಟ್ಟು. ವಯಸ್ಕರಲ್ಲಿ 10 ಸೆಕೆಂಡಿಗೆ ಕಡಿಮೆಯಿಲ್ಲದ ಇಂಥ ತಡೆಗಳು ಗಂಟೆಗೆ 5ರಿಂದ 15 ಬಾರಿ ಆದರೆ ಸೌಮ್ಯ, 30 ದಾಟಿದರೆ ತೀವ್ರ. ಮಕ್ಕಳಲ್ಲಿ ಗಂಟೆಗೆ ಒಂದನ್ನು ಮೀರಿದರೂ ಸಹಜವಲ್ಲ. ‘ಗೊರಕೆ ಹೊಡೆದು ಮಲಗಿದ’ ಎಂದರೆ ಕನ್ನಡದಲ್ಲಿ ಸುಖನಿದ್ರೆ. ವೈದ್ಯರಿಗೆ ಅದೇ ಗೊರಕೆ ಅನುಮಾನದ ಮೊದಲ ಎಳೆ.

ಆರಂಭದ ಹೆಜ್ಜೆಗಳು: ಫ್ರಾನ್ಸಿನ ಪಿಯರ್ ಫೊಶಾರ್ 1728ರ ತನ್ನ ಗ್ರಂಥದಲ್ಲಿ ಹಲ್ಲಿನ ಸಾಲನ್ನು ಅಗಲಿಸುವ ಲೋಹದ ಪಟ್ಟಿಯನ್ನು ವಿವರಿಸಿದ. 1860ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಎಮರ್ಸನ್ ಏಂಜೆಲ್ ಹದಿನಾಲ್ಕೂವರೆ ವರ್ಷದ ಹುಡುಗಿಯ ಅಂಗುಳಕ್ಕೆ ಸ್ಕ್ರೂ ಕೂರಿಸಿ, ಎರಡೇ ವಾರದಲ್ಲಿ ಮೇಲ್ದವಡೆಯನ್ನು ನಡುಗೆರೆಯಲ್ಲಿ ಬಿಡಿಸಿದ್ದಾಗಿ ಬರೆದ. ಸಮಕಾಲೀನರಲ್ಲಿ ಹೆಚ್ಚಿನವರು ನಂಬಲಿಲ್ಲ. 1868ರಲ್ಲಿ ಕೋಪನ್‌ಹೇಗನ್ನಿನ ವಿಲ್ಹೆಲ್ಮ್ ಮೇಯರ್, ಮೂಗಿನ ಹಿಂಬದಿಯ ಅಡಿನಾಯ್ಡ್ ಊದಿಕೊಂಡ ಮಕ್ಕಳು ಬಾಯಿಯಿಂದ ಉಸಿರಾಡುವುದನ್ನು ದಾಖಲಿಸಿದ. ಆಧುನಿಕ ವಕ್ರದಂತ ಚಿಕಿತ್ಸೆಯ ಪಿತಾಮಹ ಎನಿಸಿದ ಎಡ್ವರ್ಡ್ ಆಂಗಲ್ ಹಲ್ಲು ವಕ್ರವಾಗಲು ಬಾಯಿ ಉಸಿರಾಟವನ್ನೇ ಪ್ರಬಲ ಕಾರಣವೆಂದು ಎಣಿಸಿದ. ಪ್ಯಾರಿಸ್ಸಿನ ಪಿಯರ್ ರೋಬಿನ್ 1902ರಲ್ಲಿ ಕೆಳದವಡೆಯನ್ನು ಮುಂದೆ ತರುವ ‘ಮೊನೊಬ್ಲಾಕ್’ ಅನ್ನು ರೂಪಿಸಿ, ನಾಲಿಗೆ ಹಿಂದೆ ಬಿದ್ದು ಉಸಿರು ಕಟ್ಟುವುದಕ್ಕೆ ಅದನ್ನು ಮದ್ದಾಗಿ ಕಂಡ.

ಏಂಜೆಲ್ಲನ ವಿಧಾನ ಮರಳಿ ಚಲಾವಣೆಗೆ ಬಂದದ್ದು ಆಂಡ್ರ್ಯೂ ಹಾಸ್ 1961ರಲ್ಲಿ ಪ್ರಕಟಿಸಿದ ಅಧ್ಯಯನದಿಂದ. ಕೆಳದವಡೆಯನ್ನು ಮುಂದೆ ತರುವ ‘ಟ್ವಿನ್ ಬ್ಲಾಕ್’ ಅನ್ನು ಸ್ಕಾಟ್ಲೆಂಡಿನ ವಿಲಿಯಂ ಕ್ಲಾರ್ಕ್ 1977ರಲ್ಲಿ ರೂಪಿಸಿದ.

ನಿದ್ರಾವಿಜ್ಞಾನದ ಸೇರ್ಪಡೆ: ಸ್ಟ್ಯಾನ್‌ಫರ್ಡಿನ ಕ್ರಿಶ್ಚಿಯನ್ ಗಿಯಮಿನೊ 1976ರಲ್ಲಿ ಮಕ್ಕಳ ನಿದ್ರಾ ಉಸಿರುಕಟ್ಟನ್ನು ವಿವರಿಸಿದರು. 1981ರಲ್ಲಿ ಸಿಡ್ನಿಯ ಕಾಲಿನ್ ಸಲಿವಾನ್, ಮೂಗಿಗೆ ಮುಖವಾಡ ತೊಡಿಸಿ ಗಾಳಿಯೊತ್ತಡದಿಂದ ಗಂಟಲು ತೆರೆದಿಡುವ ‘ಸಿಪ್ಯಾಪ್’ ಯಂತ್ರವನ್ನು ಪರಿಚಯಿಸಿದರು. ಅದನ್ನು ತಾಳಲಾರದ ವಯಸ್ಕರಿಗೆ ದವಡೆ ಮುಂದೆ ಹಿಡಿಯುವ ಬಾಯಿ ಸಾಧನಗಳು 1980ರ ದಶಕದಲ್ಲಿ ಬಂದವು. 2004ರಲ್ಲಿ ಇಟಲಿಯ ಪಾವೊಲಾ ಪಿರೆಲ್ಲಿ ಮತ್ತು ಸಂಗಡಿಗರು ಇಕ್ಕಟ್ಟಾದ ಮೇಲ್ದವಡೆಯಿದ್ದ 31 ಮಕ್ಕಳ ಅಂಗುಳ ಅಗಲಿಸಿದಾಗ, ಗಂಟೆಗೆ ಸರಾಸರಿ 12ರಷ್ಟಿದ್ದ ಉಸಿರಿನ ತಡೆ ಒಂದಕ್ಕೂ ಕೆಳಗಿಳಿಯಿತು.

ಕರ್ನಾಟಕ ಮತ್ತು ಕಲಬುರಗಿ: ಭಾರತದ ಮೊದಲ ದಂತ ಕಾಲೇಜನ್ನು ರಫಿಯುದ್ದೀನ್ ಅಹ್ಮದ್ 1920ರಲ್ಲಿ ಕಲ್ಕತ್ತೆಯಲ್ಲಿ ತೆರೆದರು. ಬೆಂಗಳೂರಿನ ಸರ್ಕಾರಿ ದಂತ ಕಾಲೇಜು 1958ರದು, ಮಣಿಪಾಲದ್ದು 1965ರದು. 1958ರಲ್ಲಿ ಸ್ಥಾಪನೆಯಾದ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಕಲಬುರಗಿಯಲ್ಲಿ 1963ರಲ್ಲಿ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜನ್ನು, 1980ರ ದಶಕದಲ್ಲಿ ಎಸ್. ನಿಜಲಿಂಗಪ್ಪ ಅವರ ಹೆಸರಿನ ದಂತ ಕಾಲೇಜನ್ನು ಆರಂಭಿಸಿತು. ನಗರದಲ್ಲಿ ಅಲ್-ಬದರ್ ಗ್ರಾಮೀಣ ದಂತ ಕಾಲೇಜೂ ಇದೆ. ಆಳಂದ, ಜೇವರ್ಗಿಗಳಿಂದ ಕಲಬುರಗಿ ಸುಮಾರು 40 ಕಿ.ಮೀ., ಭೀಮಾ ತೀರದ ಅಫಜಲಪುರದಿಂದ ಇನ್ನೂ ದೂರ. ಆಳಂದ, ಅಫಜಲಪುರಗಳ ಗಡಿ ಹಳ್ಳಿಗಳವರು ಚಿಕಿತ್ಸೆಗೆ ಸೊಲ್ಲಾಪುರಕ್ಕೂ ಹೋಗುತ್ತಾರೆ.

ಈ ದೂರವೇ ಚಿಕಿತ್ಸೆಯ ಬಗೆಯನ್ನೂ ತೀರ್ಮಾನಿಸುತ್ತದೆ. ಸಾಮಾನ್ಯ ಕ್ಲಿಪ್ ಆದರೆ ಒಂದೂವರೆ-ಎರಡು ವರ್ಷ, ನಾಲ್ಕಾರು ವಾರಕ್ಕೊಮ್ಮೆ ಬಸ್ಸು ಹತ್ತಬೇಕು. ತೊಗರಿ ರಾಶಿಯ ದಿನಗಳಲ್ಲಿ ಒಂದು ಭೇಟಿ ತಪ್ಪಿದರೂ ತಂತಿ ಅಷ್ಟು ದಿನ ಸುಮ್ಮನೆ ಕೂರುತ್ತದೆ. ಅಂಗುಳ ಅಗಲಿಸುವ ಸ್ಕ್ರೂ ಹಾಗಲ್ಲ, ಅದರ ಮುಖ್ಯ ಕೆಲಸ ಮನೆಯಲ್ಲೇ ನಡೆಯುತ್ತದೆ. ಮಗುವಿನ ತಲೆಯನ್ನು ತೊಡೆಯ ಮೇಲಿಟ್ಟು, ಪುಟ್ಟ ಕೀಲಿಯನ್ನು ರಂಧ್ರಕ್ಕಿಟ್ಟು ಗಂಟಲಿನ ಕಡೆಗೆ ಒಮ್ಮೆ ಒತ್ತಿದರೆ ಕಾಲು ಸುತ್ತು, ಅಂದರೆ ಕಾಲು ಮಿಲಿಮೀಟರ್. ಕೀಲಿ ಜಾರಿ ಗಂಟಲಿಗಿಳಿಯದಂತೆ ಅದಕ್ಕೊಂದು ದಾರ ಕಟ್ಟಿರಬೇಕು. ದಿನಕ್ಕೆ ಒಂದೆರಡು ಸಲದಂತೆ ಎರಡು-ಮೂರು ವಾರ ತಿರುಗಿಸಿ, ಹೊಸ ಮೂಳೆ ತುಂಬಲು ಕೆಲವು ತಿಂಗಳು ಹಾಗೇ ಬಿಡುತ್ತಾರೆ. ನಡುವೆ ಮುಂದಿನ ಎರಡು ಹಲ್ಲುಗಳು ದೂರ ಸರಿದು ಕಿಂಡಿ ಬೀಳುತ್ತದೆ. ಮನೆಯವರು ಗಾಬರಿಯಾಗುವ ಈ ಕಿಂಡಿಯೇ ಮೂಳೆ ಬಿಟ್ಟುಕೊಂಡಿದೆ ಎಂಬುದರ ಗುರುತು, ಮುಂದೆ ತಾನಾಗಿ ಕೂಡುತ್ತದೆ. ಅಂಗುಳದ ನಡುಗೆರೆ ಹದಿಹರೆಯ ಕಳೆದಂತೆ ಬಿಗಿಯುವುದರಿಂದ ಇದು ಮಕ್ಕಳಿಗೇ ಒಪ್ಪುವ ಚಿಕಿತ್ಸೆ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೆ ವರ್ಷಕ್ಕೆರಡು ಬಾರಿ, ಸರ್ಕಾರಿ ಶಾಲೆಗೆ ಒಂದು ಬಾರಿ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತವೆ. ಸೀಳುತುಟಿ, ಸೀಳು ಅಂಗುಳ, ಹಲ್ಲಿನ ತೊಂದರೆಗಳು ಅದರ ಪಟ್ಟಿಯಲ್ಲಿವೆ. ‘ಮಗು ಬಾಯಿ ತೆರೆದು ಮಲಗುತ್ತದೆಯೇ?’ ಎಂಬ ಒಂದು ಪ್ರಶ್ನೆಗೆ ಅಲ್ಲಿ ಖರ್ಚೇನೂ ಇಲ್ಲ.

ಮಿತಿಗಳು: ಎಲ್ಲ ಗೊರಕೆಗೂ ಕ್ಲಿಪ್ ಮದ್ದಲ್ಲ. ಮಕ್ಕಳಲ್ಲಿ ಟಾನ್ಸಿಲ್, ಅಡಿನಾಯ್ಡ್ ಊತವೇ ಸಾಮಾನ್ಯ ಕಾರಣ, ಅದಕ್ಕೆ ಕಿವಿ-ಮೂಗು-ಗಂಟಲು ತಜ್ಞರ ಶಸ್ತ್ರಚಿಕಿತ್ಸೆಯೇ ಮೊದಲು. ವಯಸ್ಕರಲ್ಲಿ ಬೊಜ್ಜೂ ದೊಡ್ಡ ಕಾರಣ. ಅಮೆರಿಕದ ವಕ್ರದಂತ ತಜ್ಞರ ಸಂಘ 2019ರ ತನ್ನ ವರದಿಯಲ್ಲಿ, ಉಸಿರುಕಟ್ಟು ಮುಂದೆ ಬಾರದಿರಲೆಂದಷ್ಟೇ ಅಂಗುಳ ಅಗಲಿಸಲು ಆಧಾರವಿಲ್ಲ ಎಂದಿತು. ರೋಗ ಖಚಿತವಾಗುವುದು ರಾತ್ರಿಯ ನಿದ್ರಾ ಪರೀಕ್ಷೆಯಿಂದ ಮತ್ತು ವೈದ್ಯರಿಂದ, ಹಲ್ಲಿನ ಅಚ್ಚಿನಿಂದಲ್ಲ. ಕಿರಿದಾದ ಅಂಗುಳ ಅಥವಾ ಹಿಂದೆ ಸರಿದ ಗದ್ದ ಇರುವ, ಇನ್ನೂ ಬೆಳೆಯುತ್ತಿರುವ ಮಗುವಿಗೆ ಮಾತ್ರ ಈ ಚಿಕಿತ್ಸೆಯಿಂದ ಹಲ್ಲಿನ ಜೊತೆಗೆ ಉಸಿರೂ ಹಗುರಾಗುವ ಅವಕಾಶವಿದೆ.