ಯಲ್ಲಮ್ಮನ ಗುಡ್ಡ ಮತ್ತು ಅಂತರರಾಷ್ಟ್ರೀಯ ಮಹಿಳಾ ಜಾಲಗಳು: 1926ರಿಂದ 2025ರವರೆಗೆ

ಸವದತ್ತಿ ಸೀಮೆಯ ಚಚಡಿ ದೇಸಾಯರ ವಾಡೆಯಿಂದ ಹೆಸರಾದ ಊರು. ಬನದ ಹುಣ್ಣಿಮೆ, ಭರತ ಹುಣ್ಣಿಮೆ ಬಂತೆಂದರೆ ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಕಡೆಯ ಜನರಂತೆ ಇಲ್ಲಿಯವರೂ ಚಕ್ಕಡಿ, ಟ್ರ್ಯಾಕ್ಟರ್ ಹೂಡಿಕೊಂಡು ‘ಉಧೋ ಉಧೋ’ ಎನ್ನುತ್ತ ಯಲ್ಲಮ್ಮನ ಗುಡ್ಡದ ದಾರಿ ಹಿಡಿಯುತ್ತಾರೆ. ಜೋಗುಳಬಾವಿಯಲ್ಲಿ ಮಿಂದು, ಪಡ್ಡಲಿಗೆ ತುಂಬಿಸಿ, ಹರಕೆ ತೀರಿಸಿ ಬರುವ ಈ ಯಾತ್ರೆ ಬಹುಪಾಲು ಭಕ್ತರಿಗೆ ಅಷ್ಟಕ್ಕೇ ಮುಗಿಯುತ್ತದೆ. ಆದರೆ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವರಿಗೆ ಬಿಡುವ ಪದ್ಧತಿಯ ದೊಡ್ಡ ಕೇಂದ್ರವಾಗಿದ್ದದ್ದೂ ಇದೇ ಗುಡ್ಡ. ಆ ಪದ್ಧತಿಯ ಕುರಿತು ಮದರಾಸು, ಮುಂಬಯಿ, ಬೆಂಗಳೂರುಗಳಲ್ಲಿ ಕಾನೂನುಗಳಾದವು, ಜಿನೀವಾದಲ್ಲಿ ಶಿಫಾರಸುಗಳಾದವು. ಈ ಲೇಖನ ಪರಿಶೀಲಿಸುವುದು ಪದ್ಧತಿಯ ಹುಟ್ಟನ್ನಲ್ಲ. ಹೆಣ್ಣಿನ ಹಕ್ಕುಗಳಿಗಾಗಿ ದೇಶದೇಶಗಳ ನಡುವೆ ಹೆಣೆದ ಜಾಲಗಳು ಸವದತ್ತಿಯ ಹೆಣ್ಣನ್ನು ಯಾವ ರೂಪದಲ್ಲಿ ಕಂಡವು, ಅವಳ ಬೇಡಿಕೆ ಅವುಗಳಿಗೆ ಯಾವಾಗ ಕೇಳಿಸಿತು ಎಂಬುದು ಇಲ್ಲಿನ ವಿಷಯ. ಜಾಲಗಳಿಂದ ಮೊದಲು ಬಂದದ್ದು ಕಾನೂನು, ಅದೂ ಬೇರೆಡೆಯ ಹೆಣ್ಣನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಹೊಲ, ಮನೆ, ಮಾಸಾಶನ, ಮಕ್ಕಳ ಶಾಲೆ ಎಂಬ ಮಾತುಗಳು ಮುನ್ನೆಲೆಗೆ ಬಂದದ್ದು ಈ ಹೆಂಗಸರು ತಮ್ಮದೇ ಸಂಘ ಕಟ್ಟಿಕೊಂಡ ಮೇಲೆ ಎಂಬುದು ನನ್ನ ವಾದ.

ಪ್ಯಾರಿಸ್ಸಿನಿಂದ ಮುಂಬಯಿ ಇಲಾಖೆಗೆ

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬ್ರಿಟನ್ನಿನ ಜೋಸೆಫಿನ್ ಬಟ್ಲರ್ ಸಾಂಕ್ರಾಮಿಕ ರೋಗಗಳ ಕಾಯ್ದೆಗಳ ವಿರುದ್ಧ ಚಳವಳಿ ಹೂಡಿದ್ದರು. ಸೈನಿಕರ ಆರೋಗ್ಯದ ನೆಪದಲ್ಲಿ ಬಡ ಹೆಂಗಸರನ್ನು ಬಲವಂತದ ತಪಾಸಣೆಗೆ ಒಳಪಡಿಸುತ್ತಿದ್ದ ಇಂಥ ಕಾಯ್ದೆ ಭಾರತದಲ್ಲೂ 1868ರಲ್ಲಿ ಬಂದಿತ್ತು. ಬಟ್ಲರರ ಚಳವಳಿಯಿಂದ ಬೆಳೆದ ಜಾಲ ಯುರೋಪನ್ನು ದಾಟಿತು. 1921ರಲ್ಲಿ ರಾಷ್ಟ್ರಸಂಘ ಹೆಂಗಸರ ಮತ್ತು ಮಕ್ಕಳ ಸಾಗಾಟ ತಡೆಯುವ ಒಡಂಬಡಿಕೆಯನ್ನು ಮಾಡಿತು. ಇನ್ನೊಂದು ಎಳೆ ಮತದಾನದ ಹಕ್ಕಿನದು. ಐರಿಷ್ ಹೋರಾಟಗಾರ್ತಿ ಮಾರ್ಗರೆಟ್ ಕಸಿನ್ಸ್ 1915ರಲ್ಲಿ ಭಾರತಕ್ಕೆ ಬಂದರು. ಅವರು, ಡೊರೊತಿ ಜಿನರಾಜದಾಸ ಮತ್ತು ಆನಿ ಬೆಸೆಂಟ್ ಸೇರಿ 1917ರಲ್ಲಿ ಅಡ್ಯಾರಿನಲ್ಲಿ ವಿಮೆನ್ಸ್ ಇಂಡಿಯನ್ ಅಸೋಸಿಯೇಷನ್ ಕಟ್ಟಿದರು. 1926ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಅಂತರರಾಷ್ಟ್ರೀಯ ಮಹಿಳಾ ಮತಾಧಿಕಾರ ಸಮ್ಮೇಳನಕ್ಕೆ ಈ ಸಂಸ್ಥೆಯ ಪ್ರತಿನಿಧಿಯಾಗಿ ಹೋದವರು ಡಾ. ಮುತ್ತುಲಕ್ಷ್ಮಿ ರೆಡ್ಡಿ. ಊರಿಗೆ ಮರಳಿದ ಮೇಲೆ ಅವರು ಮದರಾಸು ವಿಧಾನ ಪರಿಷತ್ತಿನ ಸದಸ್ಯೆಯಾದರು. 1927ರಲ್ಲಿ ದೇವಸ್ಥಾನಗಳಿಗೆ ಹುಡುಗಿಯರನ್ನು ಅರ್ಪಿಸುವುದರ ವಿರುದ್ಧ ಗೊತ್ತುವಳಿ ಮಂಡಿಸಿದರು. ಮದರಾಸಿನ ಧಾರ್ಮಿಕ ದತ್ತಿ ಕಾಯ್ದೆಗೆ 1929ರಲ್ಲಿ ಆದ ತಿದ್ದುಪಡಿಯು ದೇವದಾಸಿಯರ ಇನಾಂ ಭೂಮಿಯನ್ನು ದೇವಸ್ಥಾನದ ಸೇವೆಯ ಷರತ್ತಿನಿಂದ ಬಿಡಿಸಿತು.

ಮೈಸೂರು ಸಂಸ್ಥಾನ 1909ರಷ್ಟು ಹಿಂದೆಯೇ ತನ್ನ ಮುಜರಾಯಿ ದೇವಸ್ಥಾನಗಳಲ್ಲಿ ಈ ಸೇವೆಗೆ ತಡೆ ಹಾಕಿತ್ತು. ಬೆಳಗಾವಿ ಆಗ ಮುಂಬಯಿ ಇಲಾಖೆಯಲ್ಲಿತ್ತು, ಸವದತ್ತಿ ಪರಸಗಡ ತಾಲ್ಲೂಕಿನ ಮುಖ್ಯ ಊರು. ಇಲ್ಲಿಗೆ ಕಾನೂನು ಬಂದದ್ದು 1934ರ ಬಾಂಬೆ ದೇವದಾಸಿ ರಕ್ಷಣಾ ಕಾಯ್ದೆಯ ಮೂಲಕ. ಹೆಣ್ಣಿನ ಒಪ್ಪಿಗೆ ಇದ್ದರೂ ಇಲ್ಲದಿದ್ದರೂ ಅರ್ಪಣೆ ಕಾನೂನುಬಾಹಿರ, ಅರ್ಪಣೆಯಾದವಳು ಮದುವೆಯಾದರೆ ಆ ಮದುವೆ ಸಿಂಧು ಎಂದು ಅದು ಸಾರಿತು.

ಮದರಾಸಿನ ಸುಧಾರಕರ ಕಣ್ಣೆದುರು ಇದ್ದವಳು ದೊಡ್ಡ ದೇವಸ್ಥಾನದಲ್ಲಿ ಕುಣಿತ-ಹಾಡಿನ ಸೇವೆಯಿದ್ದ, ಇನಾಂ ಉಂಬಳಿಯಿದ್ದ ಹೆಣ್ಣು. ಸವದತ್ತಿಯ ಜೋಗತಿ ಅಂಥವಳಲ್ಲ. ಅವರಲ್ಲಿ ಹೆಚ್ಚಿನವರು ದೇವಸ್ಥಾನದಲ್ಲಿ ವಾಸಿಸುವವರೂ ಅಲ್ಲ, ಅಲ್ಲಿಂದ ಸಂಬಳ ಪಡೆಯುವವರೂ ಅಲ್ಲ. ಕೆಂಪು-ಬಿಳಿ ಮಣಿಯ ಸರ ಕಟ್ಟಿಸಿಕೊಂಡು ತನ್ನೂರಿಗೇ ಮರಳಿ, ಮಂಗಳವಾರ, ಶುಕ್ರವಾರ ಜೋಗ ಬೇಡಿ, ಸುಗ್ಗಿಯಲ್ಲಿ ಕೂಲಿ ಮಾಡಿ, ತವರಿನಲ್ಲೇ ತಂದೆ-ತಾಯಿಯನ್ನು ಸಾಕುವ ದಲಿತ ಮನೆತನದ ಮಗಳು. ಊರ ಗೌಡನೋ ಜಮೀನುದಾರನೋ ಅವಳನ್ನು ಇಟ್ಟುಕೊಳ್ಳುವುದಕ್ಕೆ ದೇವರ ಹೆಸರು ಪರವಾನಗಿಯಾಗಿತ್ತು. ಗುಡಿಯ ಬಾಗಿಲಲ್ಲಿ ಕಾವಲು ನಿಂತ ಕಾನೂನು ಈ ಊರ ಓಣಿಯನ್ನು ನೋಡಲೇ ಇಲ್ಲ. 1934ರ ನಂತರವೂ ಅರ್ಧ ಶತಮಾನ ಹುಣ್ಣಿಮೆಯ ದಿನ ಗುಡ್ಡದ ಮೇಲೆ ಮುತ್ತು ಕಟ್ಟುವುದು ನಡೆದೇ ಇತ್ತು ಎಂದರೆ ಅದಕ್ಕೆ ಪೊಲೀಸರ ಉದಾಸೀನವೊಂದೇ ಕಾರಣವಲ್ಲ.

ಸ್ವಾತಂತ್ರ್ಯದ ನಂತರ, ಬಟ್ಲರರ ಚಳವಳಿಯಿಂದ ಬೆಳೆದ ಆ ಮೊದಲ ಜಾಲದ ಬೆಳೆ ಇನ್ನೊಂದು ರೂಪದಲ್ಲಿ ಕೈಗೆ ಬಂತು. ಮನುಷ್ಯರ ಸಾಗಾಟದ ವಿರುದ್ಧದ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತ 1950ರ ಮೇ 9ರಂದು ನ್ಯೂಯಾರ್ಕಿನಲ್ಲಿ ಸಹಿ ಹಾಕಿತು. ಅದರ ಅನುಸಾರವಾಗಿ 1956ರ ಅನೈತಿಕ ಸಾಗಾಟ ತಡೆ ಕಾಯ್ದೆ ಬಂತು. ಮುಂಬಯಿ, ಪುಣೆ, ಸಾಂಗಲಿಗಳಿಗೆ ದುಡಿಯಲು ಹೋದ ಬೆಳಗಾವಿ ಸೀಮೆಯ ಹೆಣ್ಣುಮಕ್ಕಳು ಪೊಲೀಸು ದಾಳಿಗಳಲ್ಲಿ ಎದುರಾದದ್ದು ಈ ಕಾಯ್ದೆಗೆ. ರಕ್ಷಣೆಗೆಂದು ಹುಟ್ಟಿದ ಕಾನೂನು ಅವರ ಅನುಭವದಲ್ಲಿ ಹೆಚ್ಚಾಗಿ ಲಾಠಿಯ ರೂಪದಲ್ಲೇ ಬಂತು.

1975: ಮೆಕ್ಸಿಕೊ ಮತ್ತು ಗಡಹಿಂಗ್ಲಜ

1975ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಮಹಿಳಾ ವರ್ಷವೆಂದು ಘೋಷಿಸಿ ಮೆಕ್ಸಿಕೊದಲ್ಲಿ ಮೊದಲ ವಿಶ್ವ ಮಹಿಳಾ ಸಮ್ಮೇಳನ ನಡೆಸಿತು. ಅದರ ಸಿದ್ಧತೆಯ ಹಿನ್ನೆಲೆಯಲ್ಲೇ ಭಾರತದ ಮಹಿಳೆಯರ ಸ್ಥಿತಿಗತಿ ಸಮಿತಿಯ ‘ಟುವರ್ಡ್ಸ್ ಈಕ್ವಾಲಿಟಿ’ ವರದಿ ಹೊರಬಂತು. ಅದೇ ವರ್ಷ ಬೆಳಗಾವಿ ಗಡಿಯಾಚೆ ಕೊಲ್ಹಾಪುರ ಜಿಲ್ಲೆಯ ಗಡಹಿಂಗ್ಲಜದಲ್ಲಿ, ಬಾಬಾ ಆಢಾವರ ಮಹಾತ್ಮ ಫುಲೆ ಸಮತಾ ಪ್ರತಿಷ್ಠಾನದ ಮುಂದಾಳತ್ವದಲ್ಲಿ ದೇವದಾಸಿಯರದೇ ಸಮಾವೇಶ ಸೇರಿತು. ಮೆಕ್ಸಿಕೊದ ಸಭೆಗೂ ಇದಕ್ಕೂ ನೇರ ನಂಟಿರಲಿಲ್ಲ. ಆದರೂ ಇತಿಹಾಸಕಾರ ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕು: ಸುಧಾರಕರ ಮಾತು ಕೇಳುತ್ತ ಕೂತವರು ತಾವೇ ಮಾತಾಡತೊಡಗಿದ್ದು ಇಲ್ಲಿಂದ. ನಿಪ್ಪಾಣಿ, ಅಥಣಿಗಳಲ್ಲಿ ಎಂಬತ್ತರ ದಶಕದ ಸಂಘಟನೆಗಳು ಈ ಗಾಳಿಯಲ್ಲೇ ಎದ್ದವು. ಅಥಣಿಯ ವಕೀಲ ಬಿ.ಎಲ್. ಪಾಟೀಲರ ವಿಮೋಚನಾ ಸಂಘ ದೇವದಾಸಿಯರ ಮಕ್ಕಳಿಗೆ ವಸತಿ ಶಾಲೆ ತೆರೆದದ್ದು ಈ ಕಾಲದ ಗಟ್ಟಿ ಕೆಲಸಗಳಲ್ಲೊಂದು.

1979ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆ ಮಹಿಳೆಯರ ವಿರುದ್ಧದ ಎಲ್ಲ ಬಗೆಯ ತಾರತಮ್ಯಗಳ ನಿವಾರಣಾ ಒಡಂಬಡಿಕೆಯನ್ನು — ಸೀಡಾ ಎಂದು ಕರೆಯುವುದನ್ನು — ಅಂಗೀಕರಿಸಿತು. ಭಾರತ 1980ರ ಜುಲೈನಲ್ಲಿ ಸಹಿ ಹಾಕಿತು. ಕರ್ನಾಟಕ ವಿಧಾನಮಂಡಲ 1982ರಲ್ಲಿ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆಯನ್ನು ಒಪ್ಪಿತು. ಅದು ಜಾರಿಗೆ ಬಂದದ್ದು 1984ರ ಆರಂಭದಲ್ಲಿ. ಅದರ ಶಿಕ್ಷೆಯ ಕಲಮನ್ನು ನಿಧಾನವಾಗಿ ಓದಬೇಕು. ಅರ್ಪಣೆ ನಡೆಸಿದವರಿಗೆ, ಅದಕ್ಕೆ ಕುಮ್ಮಕ್ಕು ಕೊಟ್ಟವರಿಗೆ ಮೂರು ವರ್ಷದವರೆಗೆ ಸೆರೆವಾಸ. ಆದರೆ ತಪ್ಪಿತಸ್ಥರು ತಂದೆ, ತಾಯಿ, ಪೋಷಕರು ಅಥವಾ ಸಂಬಂಧಿಕರಾಗಿದ್ದರೆ ಕನಿಷ್ಠ ಎರಡು, ಗರಿಷ್ಠ ಐದು ವರ್ಷ. ಪೂಜಾರಿಗಿಂತ, ಹುಡುಗಿಗಾಗಿ ಕಾದು ಕೂತ ಜಮೀನುದಾರನಿಗಿಂತ, ಹರಕೆ ಹೊತ್ತ ಕೂಲಿಕಾರ ತಾಯಿಗೆ ಹೆಚ್ಚು ಶಿಕ್ಷೆ. ಇದು ಕರಡು ಬರೆದವರ ಕೈತಪ್ಪಲ್ಲ. ಹಳೆಯ ನೀತಿವಾದದ ನೇರ ಮುಂದುವರಿಕೆ. ಮುತ್ತು ಕಟ್ಟುವುದು ಗುಡ್ಡದಿಂದ ಮರೆಯಾಗಿ ಮನೆಯೊಳಕ್ಕೆ, ಸಣ್ಣ ಗುಡಿಗಳಿಗೆ, ಗಡಿಯಾಚೆಗೆ ಸರಿದದ್ದು ಈ ಕಾಯ್ದೆಯ ಬಹು ಸ್ಪಷ್ಟ ಪರಿಣಾಮ. ಮಹಾರಾಷ್ಟ್ರ ತನ್ನ ಹೊಸ ಕಾಯ್ದೆ ಮಾಡಿದ್ದು 2005ರಲ್ಲಿ.

ಕಾಯ್ದೆ ಜಾರಿಯಾದ ಅದೇ 1984ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಬೇರೊಂದು ಸಭೆ ಸೇರಿತು. ಮೈಸೂರಿನಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞೆ ದೇವಕಿ ಜೈನ್ ಕರೆದ ಸಭೆ ಅದು. ಏಷ್ಯಾ, ಆಫ್ರಿಕ, ಲ್ಯಾಟಿನ್ ಅಮೆರಿಕಗಳ ಮಹಿಳಾ ಚಿಂತಕಿಯರು ಸೇರಿ ಕಟ್ಟಿದ ‘ಡಾನ್’ ಜಾಲ ಹುಟ್ಟಿದ್ದು ಅಲ್ಲಿ. ಬ್ರೆಜಿಲ್ಲಿನ ನ್ಯೂಮಾ ಅಗಿಯಾರ್, ಬಾರ್ಬಡೋಸಿನ ಪೆಗಿ ಆಂಟ್ರೊಬಸ್, ಮೊರಾಕೊದ ಫಾತಿಮಾ ಮೆರ್ನಿಸ್ಸಿ, ಬಾಂಗ್ಲಾದೇಶದ ಹಮೀದಾ ಹೊಸೇನ್ ಮೊದಲಾದವರು ಆರಂಭದ ವರ್ಷಗಳಲ್ಲಿ ಇದಕ್ಕೆ ಕೈಜೋಡಿಸಿದವರು. ಗೀತಾ ಸೇನ್ ಮತ್ತು ಕ್ಯಾರೆನ್ ಗ್ರೋನ್ ಬರೆದ ಅದರ ಪ್ರಣಾಳಿಕೆ 1985ರ ನೈರೋಬಿ ಸಮ್ಮೇಳನದ ಹೊತ್ತಿಗೆ ಸಿದ್ಧವಾಗಿತ್ತು. ಹೆಂಗಸರು ಅಭಿವೃದ್ಧಿಯಿಂದ ಹೊರಗುಳಿದದ್ದೇ ತೊಂದರೆ ಎನ್ನುತ್ತಿದ್ದವರಿಗೆ ಡಾನ್ ಕೊಟ್ಟ ಉತ್ತರ ನೇರವಾಗಿತ್ತು: ಆ ಅಭಿವೃದ್ಧಿಯೇ ಓರೆ, ಅದನ್ನು ಅತಿ ಬಡವಳ ಕಣ್ಣಿನಿಂದ ಅಳೆಯಿರಿ. ಈ ಅಳತೆಗೋಲು ಹಿಡಿದು ನೋಡಿದರೆ ಸವದತ್ತಿಯ ಜೋಗತಿ ಪತಿತೆಯಾಗಿ ಅಲ್ಲ, ಭೂಮಿಯಿಲ್ಲದ ಮನೆಯ ದುಡಿಯುವ ಮಗಳಾಗಿ ಕಾಣುತ್ತಾಳೆ. ವಿಧಾನಸೌಧದ ಕಾಯ್ದೆಗೂ ಅದೇ ನಗರದ ಈ ಚಿಂತನೆಗೂ ಆ ವರ್ಷ ಪರಸ್ಪರ ಪರಿಚಯವೇ ಆಗಲಿಲ್ಲ ಎಂದೇ ನನಗೆ ತೋರುತ್ತದೆ.

ಸೀಡಾಕ್ಕೆ ಭಾರತ ಅನುಮೋದನೆ ಕೊಟ್ಟದ್ದು 1993ರ ಜುಲೈ 9ರಂದು. ಅದಕ್ಕೆ ಜೋಡಿಸಿದ ಘೋಷಣೆಗಳಲ್ಲಿ ಒಂದು ನಮ್ಮ ವಿಷಯಕ್ಕೆ ತೀರ ಹತ್ತಿರದ್ದು. ಹೆಣ್ಣನ್ನು ಕೀಳಾಗಿ ಕಾಣುವ ರೂಢಿ-ಆಚರಣೆಗಳನ್ನು ಬದಲಿಸಬೇಕೆನ್ನುವ ವಿಧಿ 5(ಎ)ಯನ್ನು, ಯಾವುದೇ ಸಮುದಾಯದ ಖಾಸಗಿ ವ್ಯವಹಾರದಲ್ಲಿ ಅದರ ಉಪಕ್ರಮ, ಒಪ್ಪಿಗೆಗಳಿಲ್ಲದೆ ಕೈ ಹಾಕುವುದಿಲ್ಲವೆಂಬ ನೀತಿಗೆ ಹೊಂದುವಂತೆ ಪಾಲಿಸುವುದಾಗಿ ಸರ್ಕಾರ ಹೇಳಿತು. ಯಲ್ಲಮ್ಮನ ಒಕ್ಕಲಿನ ದಲಿತ ಸಮುದಾಯಗಳ ಉಪಕ್ರಮವನ್ನಾಗಲಿ ಒಪ್ಪಿಗೆಯನ್ನಾಗಲಿ 1934ರಲ್ಲೂ 1982ರಲ್ಲೂ ಯಾರೂ ಕಾದಿರಲಿಲ್ಲ. ನಿಷೇಧ ಬೇಕಿರಲಿಲ್ಲವೆಂದು ನಾನು ಹೇಳುತ್ತಿಲ್ಲ. ಎಳೆಯ ಹುಡುಗಿಯ ಕೊರಳಿಗೆ ಮುತ್ತು ಕಟ್ಟುವುದನ್ನು ಯಾವ ಸಮುದಾಯದ ಒಪ್ಪಿಗೆಯೂ ಸರಿಮಾಡಲಾರದು. ಆದರೆ ಆಸ್ತಿವಂತರ ಮದುವೆ, ವಾರಸಿಕೆಗಳ ವಿಷಯ ಬಂದಾಗ ಇಷ್ಟು ಹಿಂಜರಿಯುವ ಪ್ರಭುತ್ವ, ಆಸ್ತಿಯಿಲ್ಲದವರ ಮನೆಗೆ ಇಷ್ಟು ಸಲೀಸಾಗಿ ನುಗ್ಗಿತೇಕೆ ಎಂಬ ಪ್ರಶ್ನೆ ಇದ್ದೇ ಇದೆ.

ವಾರಸಿಕೆಯ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ಗಂಡುಮಕ್ಕಳಿಲ್ಲದ ಮನೆಯಲ್ಲಿ ಮಗಳಿಗೆ ಮುತ್ತು ಕಟ್ಟಿದರೆ ಅವಳು ಮಗನ ಸ್ಥಾನದಲ್ಲಿ ನಿಂತು ಮನೆಯ ಪಾಲಿಗೆ ಹಕ್ಕುದಾರಳಾಗುತ್ತಿದ್ದಳು, ಅವಳ ಮಕ್ಕಳು ಅದೇ ಮನೆತನ ಮುಂದುವರಿಸುತ್ತಿದ್ದರು. ಬೆಳಗಾವಿ ಭಾಗದಲ್ಲಿ ಕ್ಷೇತ್ರಕಾರ್ಯ ಮಾಡಿದ ಅಮೆರಿಕದ ಮಾನವಶಾಸ್ತ್ರಜ್ಞೆ ಲೂಸಿಂಡಾ ರ‍್ಯಾಂಬರ್ಗ್ 2014ರ ತಮ್ಮ ಪುಸ್ತಕದಲ್ಲಿ ಈ ನಂಟಸ್ತಿಕೆಯ ಲೆಕ್ಕವನ್ನು ಬಿಡಿಸಿಟ್ಟಿದ್ದಾರೆ. ಮಗಳಿಗೆ ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಸಮಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲಿ ಮಾಡಿತು, ಕೇಂದ್ರ 2005ರಲ್ಲಿ. ಮುತ್ತಿನ ಪದ್ಧತಿಯ ಒಂದು ಬೇರನ್ನು ಸಡಿಲಿಸಬಲ್ಲ ಕಾನೂನು ಇದೇ ಆಗಿದ್ದರೂ ದೇವದಾಸಿ ವಿಮೋಚನೆಯ ವರದಿಗಳಲ್ಲಿ ಇದರ ಪ್ರಸ್ತಾಪ ಅಪರೂಪ.

ಸಂಘ, ಲೆಕ್ಕ, ಮಾಸಾಶನ

ಘಟಪ್ರಭೆಯ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ, ಅಂದರೆ ‘ಮಾಸ್’, 1997ರಲ್ಲಿ ಹುಟ್ಟಿತು. ಇದಕ್ಕೆ ಮುಂಚೆ ಮಹಿಳಾ ಅಭಿವೃದ್ಧಿ ನಿಗಮವೂ ಮೈರಾಡ ಸಂಸ್ಥೆಯೂ ಬೆಳಗಾವಿ ಜಿಲ್ಲೆಯಲ್ಲಿ ಪುನರ್ವಸತಿಯ ಕೆಲಸ ನಡೆಸಿದ್ದವು. ಮಾಸ್‌ನ ಹೊಸತನವೆಂದರೆ ಮಾಜಿ ದೇವದಾಸಿಯರೇ ಅದರ ಸದಸ್ಯರು, ಅವರೇ ಆಡಳಿತದವರು. ಏಳನೆಯ ವಯಸ್ಸಿನಲ್ಲಿ ದೇವರಿಗೆ ಬಿಡಲಾಗಿದ್ದ ಸೀತವ್ವ ಜೋಡಟ್ಟಿ ಅದರ ಮುಖ್ಯಸ್ಥೆಯಾದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಹುಣ್ಣಿಮೆಯ ಜಾತ್ರೆಯಲ್ಲಿ ಕಾವಲು, ಮನೆಮನೆಗೆ ಹೋಗಿ ತಿಳಿಹೇಳುವುದು, ಉಳಿತಾಯದ ಗುಂಪು, ಮಕ್ಕಳ ಓದು ಎಂದು ಕೆಲಸ ಹಬ್ಬಿತು. ಮುತ್ತು ಕಟ್ಟಿಸಿಕೊಂಡವಳೇ ಬಂದು ಬೇಡವೆಂದಾಗ ಆ ಮಾತಿನ ತೂಕ ಪೊಲೀಸರ ಎಚ್ಚರಿಕೆಯ ಫಲಕಕ್ಕೆ ಇರುವುದಿಲ್ಲ.

ಗಡಿಯಾಚೆಯ ಸಾಂಗಲಿಯ ದಾರಿ ಬೇರೆ. ಸಂಗ್ರಾಮ್ ಸಂಸ್ಥೆ 1992ರಲ್ಲೂ, ಲೈಂಗಿಕ ಕಾರ್ಯಕರ್ತೆಯರದೇ ಆದ ‘ವ್ಯಾಂಪ್’ 1996ರಲ್ಲೂ ಶುರುವಾದವು. ವ್ಯಾಂಪ್‌ನ ಹೆಂಗಸರಲ್ಲಿ ಯಲ್ಲಮ್ಮನಿಗೆ ಬಿಟ್ಟವರು, ಕನ್ನಡ ಮಾತಾಡುವವರು ಬಹಳ. ತಮ್ಮನ್ನು ಬಿಡಿಸಿ ಎಂದಲ್ಲ, ತಮ್ಮ ಮೇಲಿನ ದೌರ್ಜನ್ಯ ನಿಲ್ಲಿಸಿ ಎಂಬುದು ಅವರ ಪಟ್ಟು. ವೇಶ್ಯಾವೃತ್ತಿಯನ್ನು ವಿರೋಧಿಸುವುದಾಗಿ ಪ್ರತಿಜ್ಞೆ ಮಾಡಬೇಕೆಂಬ ಷರತ್ತನ್ನು ಅಮೆರಿಕ ಸರ್ಕಾರ ತನ್ನ ಏಡ್ಸ್ ನೆರವಿಗೆ ಸೇರಿಸಿದಾಗ, 2005ರಲ್ಲಿ ಸಂಗ್ರಾಮ್ ಆ ಹಣವನ್ನೇ ಬೇಡವೆಂದಿತು. ಘಟಪ್ರಭೆಯ ಹೆಂಗಸರೂ ಸಾಂಗಲಿಯ ಹೆಂಗಸರೂ ಒಂದೇ ಗುಡ್ಡದಿಂದ ಹೊರಟವರು. ಅಂತರರಾಷ್ಟ್ರೀಯ ಚರ್ಚೆಯ ಎರಡು ಪಂಗಡಗಳಲ್ಲಿ ಅವರು ಎದುರುಬದುರು ಕಾಣುತ್ತಾರೆ. ಪಡಿತರ ಚೀಟಿ, ಮನೆ, ಮಕ್ಕಳ ದಾಖಲೆಪತ್ರದ ವಿಷಯದಲ್ಲಿ ಇಬ್ಬರ ಅಹವಾಲೂ ಒಂದೇ.

ಏಡ್ಸ್ ತಡೆಯ ಯೋಜನೆಗಳು ಕೊಟ್ಟ ಒಂದು ಉಪಕಾರ, ಲೆಕ್ಕ. ಭಾರತ-ಕೆನಡಾ ಸಹಯೋಗದ ಸಂಶೋಧಕರು ಕರ್ನಾಟಕದ 11 ಜಿಲ್ಲೆಗಳ 1588 ಲೈಂಗಿಕ ಕಾರ್ಯಕರ್ತೆಯರನ್ನು ಮಾತಾಡಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 26ರಷ್ಟು ಮಂದಿ ದೇವದಾಸಿ ಪದ್ಧತಿಯ ಮೂಲಕ ಬಂದವರು. ಸರ್ಕಾರದ ಸಮೀಕ್ಷೆಗಳು 1993–94ರಲ್ಲಿ 22,873, 2007–08ರಲ್ಲಿ 23,787, ಒಟ್ಟು 46,660 ದೇವದಾಸಿಯರನ್ನು 14 ಜಿಲ್ಲೆಗಳಲ್ಲಿ ಗುರುತಿಸಿದವು. ಮಾಸಾಶನ, ಮನೆ, ಸಾಲದ ಸವಲತ್ತು ಸಿಕ್ಕಿದ್ದು ಈ ಪಟ್ಟಿಯಲ್ಲಿ ಹೆಸರಿದ್ದವರಿಗೆ. ಪದ್ಧತಿಯೇ ನಿಷೇಧವಾಗಿರುವಾಗ, 1984ರ ನಂತರ ಮುತ್ತು ಕಟ್ಟಿಸಿಕೊಂಡವಳು ತಾನು ದೇವದಾಸಿಯೆಂದು ಒಪ್ಪಿಕೊಂಡರೆ ಹೆತ್ತವರ ಅಪರಾಧವನ್ನು ಒಪ್ಪಿಕೊಂಡಂತೆ, ಒಪ್ಪಿಕೊಳ್ಳದಿದ್ದರೆ ಸವಲತ್ತಿಲ್ಲ. ಮೇಲೆ ಹೇಳಿದ ಶಿಕ್ಷೆಯ ಕಲಮು ಇಲ್ಲಿ ಬಂದು ಕಾಲಿಗೆ ತೊಡರುತ್ತದೆ.

2007ರಲ್ಲಿ ಜಿನೀವಾದಲ್ಲಿ ಭಾರತದ ವರದಿಯನ್ನು ಪರಿಶೀಲಿಸಿದ ವಿಶ್ವಸಂಸ್ಥೆಯ ಜನಾಂಗೀಯ ತಾರತಮ್ಯ ನಿವಾರಣಾ ಸಮಿತಿ, ಹೆಚ್ಚಾಗಿ ದಲಿತ ಹುಡುಗಿಯರನ್ನೇ ದೇವರಿಗೆ ಬಿಡಲಾಗುತ್ತಿದೆ ಎಂದು ಕಳವಳ ಸೂಚಿಸಿ ನಿಷೇಧವನ್ನು ಬಿಗಿಗೊಳಿಸಲು ಹೇಳಿತು. ಹೆಣ್ಣಿನ ಪ್ರಶ್ನೆಯೊಂದು ಜಾತಿಯ ಪ್ರಶ್ನೆಯಾಗಿ ಜಿನೀವಾದ ಕಡತ ಸೇರಿದ್ದು ದಲಿತ ಸಂಘಟನೆಗಳು ಹಲವು ವರ್ಷ ಅಲ್ಲಿ ನಡೆಸಿದ ಪ್ರಯತ್ನದ ಫಲ. 1926ರ ಪ್ಯಾರಿಸ್ ಹಾದಿಯಲ್ಲಿ ಜಾತಿಯ ಮಾತಿಗೆ ಇಷ್ಟು ಎಡೆಯಿರಲಿಲ್ಲ. ಹಾಗಿದ್ದೂ ಸಮಿತಿ ಕೊಟ್ಟ ಸಲಹೆ ಹಳೆಯದೇ: ಕಾಯ್ದೆಯನ್ನು ಜಾರಿ ಮಾಡಿ.

2025ರ ಆಗಸ್ಟ್‌ನಲ್ಲಿ ಕರ್ನಾಟಕ ವಿಧಾನಮಂಡಲದ ಮುಂದೆ ಬಂದ ದೇವದಾಸಿ ತಡೆ, ನಿಷೇಧ, ಪರಿಹಾರ ಮತ್ತು ಪುನರ್ವಸತಿ ಮಸೂದೆಯ ಹೆಸರಿನಲ್ಲೇ 1982ರಿಂದ ಆದ ಬದಲಾವಣೆ ಕಾಣುತ್ತದೆ. ಮಕ್ಕಳ ಪಿತೃತ್ವದ ಗುರುತು, ತಂದೆಯ ಆಸ್ತಿಯಲ್ಲಿ ಅವರ ಹಕ್ಕು ಎಂಬ ಅಂಶಗಳು ಅದರಲ್ಲಿವೆ. ಇವು ಜಿನೀವಾದಿಂದ ಬಂದವಲ್ಲ. ಶಾಲೆಯ ದಾಖಲಾತಿಯಲ್ಲಿ ಅಪ್ಪನ ಹೆಸರೇನೆಂದು ಕೇಳಿದಾಗ ಸುಮ್ಮನೆ ನಿಂತ ತಾಯಂದಿರ ಸಂಘಗಳಿಂದ ಎದ್ದ ಬೇಡಿಕೆಗಳು. ಇನ್ನು ಮುಂದೆ ಗಮನಿಸಬೇಕಾದದ್ದು ಪಿತೃತ್ವದ ಅರ್ಜಿ ಊರ ಗೌಡನ ಮನೆಯ ಹೆಸರು ಹೊತ್ತು ಬೈಲಹೊಂಗಲ, ಸವದತ್ತಿಯ ನ್ಯಾಯಾಲಯಗಳಿಗೆ ಬಂದಾಗ ಸಾಕ್ಷಿ ಹೇಳಲು ಯಾರು ಮುಂದೆ ಬರುತ್ತಾರೆ ಎಂಬುದನ್ನು.